ಲಲಿತಕ್ಕನ ಆರನೆಯ ಭಾಷೆ

ಬೆಳಗಾವಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟವಳು ಮಂಗಳೂರಿನಲ್ಲಿ ಇಳಿದಾಗ ಬೆಳಗಿನ ಏಳು ಗಂಟೆಯಾಗಿತ್ತು. ಮಾರ್ಚ್ ತಿಂಗಳ ಆರಂಭ. ನಮ್ಮ ಕಡೆ ಬೆಳಗಿನ ಹೊತ್ತಿಗೆ ಇನ್ನೂ ತಂಪು ಇತ್ತು. ಅಲ್ಲಿ ಬಸ್ಸಿನ ಮೆಟ್ಟಿಲು ಇಳಿಯುವಷ್ಟರಲ್ಲೇ ಕುತ್ತಿಗೆಯ ಹಿಂದೆ ಬೆವರು ಹರಿಯಿತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬನ್ಸು ತಿಂದು, ಚಹಾ ಕುಡಿದು, ಕಾಸರಗೋಡಿನ ಬಸ್ಸು ಹಿಡಿದೆ.

ತಲಪಾಡಿ ದಾಟಿದ ಮೇಲೆ ಕೇರಳ. ಬಸ್ಸಿನ ಕಂಡಕ್ಟರು ಮುಂದಿನ ಸೀಟಿನವರಿಗೆ ಮಲಯಾಳದಲ್ಲಿ ಚೀಟಿ ಕೊಟ್ಟರು, ಪಕ್ಕದವರೊಂದಿಗೆ ತುಳುವಿನಲ್ಲಿ ಜಗಳವಾಡಿದರು, ನನ್ನ ಹತ್ತಿರ ಬಂದಾಗ ಕನ್ನಡಕ್ಕೆ ಬಂದರು. "ನೀವು ಎಲ್ಲಿಗೆ? ಬಂದ್ಯೋಡಿಗಾ? ಬ್ಯಾಗ್ ಅಲ್ಲಿ ಇಡುದು ಬೇಡ, ಯಾರಾದ್ರೂ ಕಾಲು ಸಿಕ್ಕಿ ಬೀಳ್ತಾರೆ." ನಾನು ಕನ್ನಡದವಳೆಂದು ಬಾಯಿ ತೆರೆಯುವ ಮೊದಲೇ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಮುಖದಲ್ಲಿ ಬರೆದಿರ್ತದೆ" ಎಂದು ನಕ್ಕು ಮುಂದೆ ಹೋದರು.

ನಾನು ಬೆಳಗಾವಿಯ ಶಹಾಪುರದ ಸೀರೆ ಅಂಗಡಿಯವರ ಮನೆಯ ಹೆಣ್ಣುಮಗಳು. ಮನೆಯೊಳಗೆ ಕನ್ನಡ, ಅಂಗಡಿಯ ಗಾದಿಯ ಮೇಲೆ ಮರಾಠಿ. ಎರಡು ಭಾಷೆಗಳ ನಡುವೆ ಬದುಕುವುದರ ಸುಖವೂ ಕಿರಿಕಿರಿಯೂ ನನಗೆ ಹೊಸತಲ್ಲ. ಆದರೆ ಐದು ಭಾಷೆಗಳ ಊರೊಂದಿದೆ ಎಂದು ಹೇಳಿದವಳು ಸವಿತಾ. ನರ್ಸಿಂಗ್ ತರಬೇತಿಗೆಂದು ಬಂದು ಆರು ತಿಂಗಳು ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಆ ಆರು ತಿಂಗಳಲ್ಲಿ ಅವಳು ಕಲಿತ ಮರಾಠಿ ಎರಡು ಶಬ್ದಗಳನ್ನು ಮೀರಲಿಲ್ಲ. "ನನ್ನ ಅಮ್ಮನಿಗೆ ಚಂದ ಬರ್ತದೆ ಸುಮಕ್ಕ. ಸಣ್ಣದಿರುವಾಗ ಬೊಂಬಾಯಿಯಲ್ಲಿ ಇದ್ದದ್ದು ಅವರು. ನೀವು ಬನ್ನಿ ಒಮ್ಮೆ, ಇಬ್ಬರೂ ಮಾತಾಡಬಹುದು" ಎಂದು ಹೋಗುವಾಗ ಹೇಳಿದ್ದಳು. ಆ ಕರೆಗೆ ಓಗೊಟ್ಟು ಈ ಪ್ರಯಾಣ.

ಊರಿನ ಹೆಸರನ್ನು ಬರೆಯುವುದಿಲ್ಲ. ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ಹಾಗೆ ಮಾತು ಕೊಟ್ಟು ಬಂದಿದ್ದೇನೆ.

ಬಂದ್ಯೋಡಿನಲ್ಲಿ ಸವಿತಾ ಕಾಯುತ್ತಿದ್ದಳು. ಹೊಸ ಹೆದ್ದಾರಿಯ ಗೋಡೆಯ ಪಕ್ಕದ ಸಣ್ಣ ರಸ್ತೆಯಲ್ಲಿ ನಿಂತಿದ್ದ ಖಾಸಗಿ ಬಸ್ಸೊಂದು ನಮ್ಮನ್ನು ಪೂರ್ವದ ಕಡೆಗೆ, ಗುಡ್ಡ ಹತ್ತಿಸಿ ಕರೆದೊಯ್ಯಿತು. ಅರ್ಧ ಗಂಟೆಯ ದಾರಿ. ಎರಡೂ ಬದಿಗೆ ಕೆಂಪುಕಲ್ಲಿನ ಬೋಳು ಹಾಸು, ನಡುನಡುವೆ ಗೇರುಮರಗಳು. ಬಿದ್ದ ಗೇರುಹಣ್ಣಿನ ಹುಳಿವಾಸನೆ ಬಸ್ಸಿನೊಳಗೂ ತುಂಬಿತ್ತು. ಬಸ್ಸಿಳಿದ ಕಡೆ ಒಂದು ಪಡಿತರ ಅಂಗಡಿ, ಒಂದು ಚಹಾದಂಗಡಿ, ಒಂದು ಅಂಗನವಾಡಿ. ಫಲಕಗಳೆಲ್ಲ ಮಲಯಾಳ ಮತ್ತು ಕನ್ನಡದಲ್ಲಿ. ಊರೆಂದರೆ ಅಷ್ಟೇ, ಮನೆಗಳು ಗುಡ್ಡದ ಇಳಿಜಾರಿನಲ್ಲಿ ಚದುರಿದ್ದವು.

ಸವಿತಾಳ ಅಮ್ಮ ಲಲಿತಕ್ಕ ಅಂಗಳದಲ್ಲೇ ಎದುರಾದರು. ಅರವತ್ತು ದಾಟಿದ ಹೆಂಗಸು, ಗಿಡ್ಡ ಮೈಕಟ್ಟು, ಎತ್ತರದ ದನಿ. ಉದ್ಯೋಗ ಖಾತರಿಯ ಕೆಲಸಕ್ಕೆ ಅಲ್ಲಿ ತೊಳಿಲುರಪ್ಪು ಎನ್ನುತ್ತಾರೆ. ಅದರಲ್ಲಿ ಹದಿನೆಂಟು ಹೆಂಗಸರ ತಂಡಕ್ಕೆ ಇವರು ಮೇಟ್, ಅಂದರೆ ಮೇಲ್ವಿಚಾರಕಿ. ತುಳು ಮನೆಮಾತು. ಕನ್ನಡ ಶಾಲೆಯದು, ಮಲಯಾಳ ಪಂಚಾಯತಿನದು, ಬ್ಯಾರಿ ಮತ್ತು ಕೊಂಕಣಿ ನೆರೆಮನೆಗಳದು. ಐದನ್ನೂ ನೀರು ಕುಡಿದ ಹಾಗೆ ಆಡುತ್ತಿದ್ದರು. ಗಂಡ ಐತಪ್ಪಣ್ಣ ಅದಕ್ಕೆ ತದ್ವಿರುದ್ಧ, ಮಾತೇ ಕಡಿಮೆ. ಮೂವತ್ತು ವರ್ಷ ಕೆಂಪುಕಲ್ಲು ಕಡಿದು ಸವೆದ ಮನುಷ್ಯ. ನನ್ನನ್ನು ಕಂಡು ತಲೆಯಾಡಿಸಿ ಒಂದು ಎಳನೀರು ಕೆತ್ತಿ ಕೈಗಿಟ್ಟರು, ಅಷ್ಟೇ.

ನಾನು ಖುಷಿಯಿಂದ ಮರಾಠಿಯಲ್ಲಿ, "ಕಶಾ ಆಹಾತ ಲಲಿತಾತಾಈ?" ಎಂದೆ. ಹೇಗಿದ್ದೀರಿ ಎಂದಷ್ಟೇ ಕೇಳಿದ್ದು.

ಅವರ ಮುಖದ ನಗು ಹಾಗೆಯೇ ಇತ್ತು, ಆದರೆ ಕಣ್ಣುಗಳು ನನ್ನನ್ನು ಬಿಟ್ಟು ಬಾವಿಯ ಕಡೆಗೆ ಹೋದವು. "ಅದೆಲ್ಲ ಮರ್ತು ಹೋಗಿದೆ" ಎಂದರು ಕನ್ನಡದಲ್ಲಿ. "ಎಷ್ಟು ಕಾಲ ಆಯ್ತು ಮಾರಾಯ್ತಿ. ಒಳಗೆ ಬನ್ನಿ, ಬಿಸಿಲು."

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಬಸಳೆಯ ಗಸಿ, ಮಾವಿನಮಿಡಿಯ ಉಪ್ಪಿನಕಾಯಿ. ನಾನು ಮೀನು ತಿನ್ನುವುದಿಲ್ಲವೆಂದು ಆ ದಿನ ಮನೆಯಲ್ಲಿ ಯಾರಿಗೂ ಮೀನಿರಲಿಲ್ಲ. ಸಂಜೆ ಬೊಂಬಾಯಿಯ ಕಥೆಗಳು ಬಂದವು, ಎಲ್ಲವೂ ಕನ್ನಡದಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಅಲ್ಲಿನ ಒಂದು ಮನೆಗೆ ಮಗು ನೋಡಿಕೊಳ್ಳಲು ಹೋದದ್ದು, ನಾಲ್ಕು ವರ್ಷ ಇದ್ದದ್ದು, ಎರಡಂತಸ್ತಿನ ಬಸ್ಸಿನ ಮೇಲೆ ಕೂತದ್ದು, ಶ್ರೀಖಂಡ ತಿಂದದ್ದು. "ಮಗಳ ಹಾಗೆ ನೋಡಿಕೊಂಡ್ರು ನನ್ನನ್ನು" ಎಂದರು. ಸವಿತಾ ಕಥೆಯ ಮುಂದಿನ ಸಾಲನ್ನು ಅಮ್ಮನಿಗಿಂತ ಮೊದಲೇ ಹೇಳಿ ನಗಿಸುತ್ತಿದ್ದಳು. ಅಷ್ಟು ಸಲ ಕೇಳಿದ ಕಥೆಗಳು ಅವು.

ಎರಡನೆಯ ದಿನ ಬೆಳಿಗ್ಗೆ ಲಲಿತಕ್ಕನ ಜೊತೆ ನಾನೂ ಸವಿತಾಳೂ ಗುಡ್ಡಕ್ಕೆ ಹೋದೆವು. ಮಳೆನೀರು ಇಂಗಲು ಗುಂಡಿ ತೋಡುವ ಕೆಲಸ ನಡೆಯುತ್ತಿತ್ತು. ಒಂಬತ್ತೂವರೆಯ ಬಿಸಿಲಿಗೇ ಕೆಂಪುಕಲ್ಲು ಕಾದು ಚಪ್ಪಲಿಯ ಅಡಿ ಬಿಸಿಯಾಗುತ್ತಿತ್ತು. ಲಲಿತಕ್ಕ ಒಂದು ಕಲ್ಲಿನ ಮೇಲೆ ನಿಂತು ಪುಸ್ತಕ ತೆರೆದು ಹಾಜರಿ ಕರೆಯತೊಡಗಿದರು. ತುಳುವಿನ ಕುಸುಮ "ಉಲ್ಲೆ" ಎಂದಳು. ಕೊಂಕಣಿಯ ಲಿಲ್ಲಿಬಾಯಿ "ಆಸಾಂ" ಎಂದರು. ಬ್ಯಾರಿ ಹೆಂಗಸು ಬೀಫಾತಿಮ್ಮ, ಬಾಯಿ ತುಂಬ ಎಲೆಯಡಿಕೆ ಇದ್ದುದರಿಂದ, ಕೈ ಎತ್ತಿದರು. ಪ್ರತಿಯೊಬ್ಬಳಿಗೂ ಲಲಿತಕ್ಕ ಅವಳವಳ ಭಾಷೆಯಲ್ಲಿ ಒಂದೊಂದು ಚೇಷ್ಟೆಯ ಮಾತು ಸೇರಿಸುತ್ತಿದ್ದರು. ನಾನು ನೋಡಲು ಬಂದದ್ದು ಇದನ್ನೇ. ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಹತ್ತನೆಯದೋ ಹನ್ನೊಂದನೆಯದೋ ಹೆಸರಿಗೆ ಅವರ ಮಾತು ಗೋಜಲಾಯಿತು. ಯಾವ ಭಾಷೆಯೂ ಅಲ್ಲದ ಉದ್ದ ಸಾಲೊಂದು ಬಾಯಿಂದ ಬಂತು. ಹೆಂಗಸರು ಗೊಳ್ಳೆಂದು ನಕ್ಕರು. "ಇದು ಯಾವುದು ಲಲಿತಕ್ಕ, ಹೊಸದಾ?" ಎಂದು ಕುಸುಮ ಕೂಗಿದಳು. ಲಲಿತಕ್ಕ ಮತ್ತೊಮ್ಮೆ ಹಾಗೆಯೇ ಏನೋ ಅಂದರು. ನಗು ಇನ್ನೂ ಜೋರಾಯಿತು. ನಾನೂ ನಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಕ್ಕೆ.

ಆಗ ಅವರ ಬಲಗೈಯಿಂದ ಪುಸ್ತಕ ಜಾರಿ ಬಿತ್ತು. ಬಾಯಿಯ ಒಂದು ಮೂಲೆ ಕೆಳಗಿಳಿದಿತ್ತು. ಸವಿತಾ ಮಾತ್ರ ನಗದೆ ಓಡಿದಳು. "ನಗ್ಬೇಡಿ! ಯಾರೂ ನಗ್ಬೇಡಿ!" ಎಂದು ಚೀರಿದ ಅವಳ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಹದಿನೆಂಟು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಅವರನ್ನು ಎತ್ತಿ ರಸ್ತೆಗೆ ತಂದರು. ರಿಕ್ಷಾದಲ್ಲಿ ಬಂದ್ಯೋಡು, ಅಲ್ಲಿಂದ ಆಂಬುಲೆನ್ಸಿನಲ್ಲಿ ಗಡಿ ದಾಟಿ ಮಂಗಳೂರು. ಹಿಂದಿನ ದಿನ ಕಿಟಕಿಯಲ್ಲಿ ನೋಡುತ್ತ ಬಂದ ರಸ್ತೆಯೇ. ಒಂದು ಫಲಕವೂ ನನಗೆ ಕಾಣಿಸಲಿಲ್ಲ. ಐತಪ್ಪಣ್ಣ ಹೆಂಡತಿಯ ಕಾಲ ಬಳಿ ಕೂತು ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಸಮಯಕ್ಕೆ ತಂದದ್ದರಿಂದ ಜೀವ ಉಳಿಯಿತು ಎಂದು ವೈದ್ಯೆ ಹೇಳಿದರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲಿಗೆ ಬಲವಿಲ್ಲ. ಮಾತು ಬರಲು ದಿನ ಹಿಡಿಯಬಹುದು, ಅರ್ಥವಿಲ್ಲದ ಶಬ್ದಗಳು ಬಂದರೆ ಹೆದರಬೇಡಿ ಎಂದರು. ನಾನು ಆಸ್ಪತ್ರೆಯ ಹಿಂದಿನ ಲಾಡ್ಜಿನಲ್ಲಿ ಕೋಣೆ ಹಿಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ, ಲಲಿತಕ್ಕನ ಮನೆಯಲ್ಲಿ ಬಿಟ್ಟಿದ್ದ ಬ್ಯಾಗು ತೆಗೆದುಕೊಂಡು ಊರಿಗೆ ಹೊರಡುವುದೆಂದು ನಿಶ್ಚಯಿಸಿ, ಹೇಳಿ ಹೋಗಲು ವಾರ್ಡಿಗೆ ಹೋದೆ. ಬಾಗಿಲಲ್ಲೇ ಸವಿತಾ ಸಿಕ್ಕಳು. ಕಣ್ಣು ಕೆಂಪಾಗಿತ್ತು. "ರಾತ್ರಿಯಿಂದ ಎಂತದೋ ಹೇಳ್ತಾ ಇದ್ದಾರೆ ಸುಮಕ್ಕ. ತುಳು ಅಲ್ಲ, ಕನ್ನಡ ಅಲ್ಲ. ಮಲಯಾಳವೂ ಅಲ್ಲ. ಬರೀ ಶಬ್ದ. ನಮ್ಮ ಯಾರ ಮಾತೂ ಅವರಿಗೆ ಅರ್ಥ ಆಗುದಿಲ್ಲ."

ನಾನು ಹಾಸಿಗೆಯ ಹತ್ತಿರ ಹೋದೆ. ಲಲಿತಕ್ಕ ಕಣ್ಣು ಮುಚ್ಚಿಕೊಂಡು, ಒಂದೇ ಸಮನೆ, ಸಣ್ಣ ಹುಡುಗಿಯ ದನಿಯಲ್ಲಿ ಹೇಳುತ್ತಿದ್ದರು: "ನಕೋ ಬಾಈ. ಮೀ ನಾಹೀ ಘೇತಲಂ. ನಕೋ ಬಾಈ."

ಬರೀ ಶಬ್ದವಾಗಿರಲಿಲ್ಲ. ಅಚ್ಚ ಮರಾಠಿ. ಬೇಡ ಬಾಈ, ನಾನು ತೆಗೆದುಕೊಂಡಿಲ್ಲ. ಬಾಈ ಎಂದರೆ ಮನೆಯ ಯಜಮಾನಿ. ಕೆಲಸದವರು ಹಾಗೆ ಕರೆಯುತ್ತಾರೆ. ನಮ್ಮ ಮನೆಯ ಕೆಲಸದವಳು ನನ್ನನ್ನೂ ಹಾಗೆಯೇ ಕರೆಯುತ್ತಾಳೆ. ಮಂಚದ ಸರಳು ಹಿಡಿದು ನಿಂತೆ.

"ಎಂತ ಹೇಳ್ತಾರೆ?" ಎಂದು ಸವಿತಾ ಕೇಳಿದಳು. "ನಿಮಗೆ ಗೊತ್ತಾಯ್ತಲ್ಲ?"

ಐತಪ್ಪಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಮಗಳ ಹಾಗೆ ನೋಡಿಕೊಂಡ್ರು ಎಂಬ ಕಥೆ ಕೇಳಿ ಮೂರು ದಿನವೂ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ. "ಮರಾಠಿ. ನೀರು ಕೇಳ್ತಾರ್ರಿ" ಎಂದೆ.

ಸವಿತಾ ಅಳುತ್ತ ನಕ್ಕಳು. ಅಮ್ಮನಿಗೆ ಒಂದು ಭಾಷೆಯಾದರೂ ಉಳಿದಿದೆ ಎಂಬ ಸಂತೋಷ ಅದು. ಓಡಿ ವೈದ್ಯೆಯನ್ನು ಕರೆತಂದಳು. ತುಂಬ ಭಾಷೆ ಬಲ್ಲವರಲ್ಲಿ ಹೀಗಾಗುವುದುಂಟು, ಯಾವುದು ಮೊದಲು ಮರಳುತ್ತದೆಂದು ಯಾರೂ ಹೇಳಲಾರರು ಎಂದು ಅವರು ವಿವರಿಸಿದರು. ನಾನು ಅಂಗಳದಲ್ಲಿ ಮರಾಠಿ ಆಡಿದ್ದರಿಂದ ಏನಾದರೂ ಆಯಿತೇ ಎಂದು ಕೇಳಿದೆ. "ಇಲ್ಲಮ್ಮ, ಇದು ರಕ್ತದೊತ್ತಡ" ಎಂದರು. ನುಂಗಲು ಆಗುತ್ತದೋ ನೋಡಬೇಕು, ಬಾಯಿಂದ ತೆಗೆದುಕೊಳ್ಳದಿದ್ದರೆ ಸಂಜೆಗೆ ಮೂಗಿನಿಂದ ಕೊಳವೆ ಹಾಕಬೇಕಾಗುತ್ತದೆ ಎಂದು ಹೇಳಿ ಹೋದರು.

ನರ್ಸು ಬಟ್ಟಲಲ್ಲಿ ತೆಳ್ಳಗಿನ ಗಂಜಿಯನ್ನೂ ಉದ್ದ ಹಿಡಿಯ ಸ್ಟೀಲು ಚಮಚವನ್ನೂ ತಂದರು. ಚಮಚ ಮುಖದ ಹತ್ತಿರ ಬಂದದ್ದೇ ತಡ, ಲಲಿತಕ್ಕ ಕಣ್ಣು ತೆರೆದು ಕಿರುಚಿಕೊಂಡರು. "ಚಟಕಾ ನಕಾ ದೇಊ! ಬಾಈ, ಚಟಕಾ ನಕಾ ದೇಊ!" ಎಡಗೈಯಿಂದ ಬಟ್ಟಲನ್ನು ಬಡಿದರು. ಗಂಜಿ ಗೋಡೆಗೆ ಹಾರಿತು. ನರ್ಸು ಮತ್ತೆ ಯತ್ನಿಸಿದಾಗ ಮತ್ತೆ ಅದೇ ಚೀತ್ಕಾರ. ವಾರ್ಡಿನ ಇತರ ರೋಗಿಗಳು ಎದ್ದು ಕೂತರು.

"ನೀರು ಕೊಟ್ಟರೂ ಬೇಡ, ಗಂಜಿಯೂ ಬೇಡ. ಎಂತ ಬೇಕಂತೆ ಕೇಳಿ ಸುಮಕ್ಕ" ಎಂದು ಸವಿತಾ ಅಂಗಲಾಚಿದಳು. ನನ್ನ ಸುಳ್ಳು ಇನ್ನು ನಿಲ್ಲುವಂತಿರಲಿಲ್ಲ. ಅಪ್ಪ ಮಗಳಿಬ್ಬರನ್ನೂ ಹೊರಗಿನ ಪಡಸಾಲೆಗೆ ಕರೆದು ಹೇಳಿದೆ. ನೀರು ಕೇಳುತ್ತಿರಲಿಲ್ಲ, ಯಾವುದೋ ಮನೆಯ ಯಜಮಾನಿಯನ್ನು ಬೇಡಿಕೊಳ್ಳುತ್ತಿದ್ದಾರೆ ಎಂದೆ. ಚಟಕಾ ಎಂದರೆ ಬಿಸಿ ತಾಗಿಸುವುದು, ಬರೆ ಹಾಕುವುದು ಎಂದೆ.

"ಎಂತದರಲ್ಲಿ?" ಎಂದು ಐತಪ್ಪಣ್ಣ ಕೇಳಿದರು. ಆ ನಾಲ್ಕು ದಿನಗಳಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು.

"ಹೇಳಿಲ್ರಿ ಅವರು. ಚಮಚಾ ನೋಡಿ ಹೆದರತಾರ. ಒಲಿ ಮ್ಯಾಲೆ ಕಾಸಿದ್ದು... ದೋಸಿ ಮಗುಚತಾರಲ್ರಿ, ಉದ್ದ ಹಿಡಿಕಿದು, ಅಂಥಾದ್ದು ಏನರೆ ಇರಬೇಕು." ನನಗೆ ಅವರ ಕಡೆಯ ಶಬ್ದ ಗೊತ್ತಿರಲಿಲ್ಲ. ಕೈಯಲ್ಲಿ ಮಗುಚಿ ತೋರಿಸಿದೆ.

"ಸಟ್ಟುಗ" ಎಂದರು ಐತಪ್ಪಣ್ಣ. ಗೋಡೆಗೆ ಒರಗಿ ನಿಂತರು. "ಮೇಲಿನ ತೋಳಿನಲ್ಲಿ ಮೂರು ಗೀಟು ಉಂಟು ಅವಳಿಗೆ. ಗಂಜಿ ಪಾತ್ರೆ ಜಾರಿದ್ದು ಅಂತ ಹೇಳಿದ್ದು ನನ್ನ ಹತ್ರ. ಗಂಜಿ ಬಿದ್ದರೆ ಗೀಟು ಗೀಟಾಗಿ ಸುಡುದಿಲ್ಲ. ನನಗೆ ಗೊತ್ತಿತ್ತು. ನಾನು ಕೇಳ್ಳಿಲ್ಲ" ಎಂದರು.

ಸವಿತಾ ನೆಲದ ಮೇಲೆ ಕುಸಿದು ಕೂತಳು. "ಶ್ರೀಖಂಡ?" ಎಂದಳು. "ಮತ್ತೆ ಆ ಬಸ್ಸು? ಎಲ್ಲ ಸುಳ್ಳಾ?" ಬಸ್ಸು ನಿಜವಿದ್ದಿರಬಹುದು. ನಾಲ್ಕು ವರ್ಷಗಳಲ್ಲಿ ಒಂದು ದಿನ ಬಸ್ಸೂ ಇದ್ದಿರಬಹುದು.

ನಾನು ಒಳಗೆ ಹೋದೆ. ನನಗೆ ಆ ಭಾಷೆ ಗೊತ್ತು, ನಾನೇ ಸಮಾಧಾನ ಮಾಡಬೇಕು ಎಂದುಕೊಂಡೆ. ಬಗ್ಗಿ, ನನ್ನಿಂದಾದಷ್ಟು ಮೆತ್ತಗೆ, "ಘಾಬರೂ ನಕೋ ಲಲಿತಾ, ಕುಣೀ ಮಾರಣಾರ ನಾಹೀ" ಎಂದೆ. ಹೆದರಬೇಡ, ಯಾರೂ ಹೊಡೆಯುವುದಿಲ್ಲ.

ಅವರು ನನ್ನನ್ನು ನೋಡಿದರು. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಗೋಡೆಯ ಕಡೆಗೆ ಸರಿಯಲು ಹೆಣಗಿ, ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದು, "ಹೋ ಬಾಈ" ಎಂದರು. "ಹೋ ಬಾಈ. ಹೋ ಬಾಈ." ಹೌದು ಬಾಈ. ಬಾಯಲ್ಲಿ ಒಪ್ಪಿಗೆ, ಮೈತುಂಬ ನಡುಕ.

ಅವರಿಗೆ ಆ ಮನೆಯ ದನಿ ನನ್ನದೇ ಆಗಿತ್ತು. ವಯಸ್ಸಾದ, ಉಂಡುಟ್ಟ ಮನೆಯ ಹೆಂಗಸಿನ ಶುದ್ಧ ಮರಾಠಿ. ನಾನು ಒಳ್ಳೆಯ ಮಾತು ಆಡಿದರೂ ಅದು ಹೊಡೆತಕ್ಕೆ ಮುಂಚಿನ ಮಾತಾಗಿಯೇ ಅವರಿಗೆ ಕೇಳಿಸಿತು. ವಾರ್ಡಿನ ಬಾಗಿಲ ತನಕ ಹಿಂದೆ ಹಿಂದೆ ನಡೆದು ಹೊರಗೆ ಬಂದೆ. ನನ್ನ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಗೆ ನಾನು ಯಾವ ದನಿಯಲ್ಲಿ ಮಾತಾಡುತ್ತೇನೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ನೆನಪಾಗಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಹೆದರಬೇಡ ಎಂಬ ಮಾತು ನನ್ನ ಬದಲು ಗಂಡನ ಬಾಯಿಂದ ಬರಲಿ ಎಂದು, ಡೈರಿಯ ಹಾಳೆ ಹರಿದು ಆ ಎರಡು ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಐತಪ್ಪಣ್ಣನಿಗೆ ಬರೆದುಕೊಟ್ಟೆ. ಮಲಯಾಳ ಶಾಲೆಯಲ್ಲಿ ಓದಿದ ಸವಿತಾ ಅದರ ಕೆಳಗೆ ಮಲಯಾಳದಲ್ಲಿ ಬರೆದುಕೊಂಡಳು. ಮೂರನೆಯ ತರಗತಿಯವರೆಗೆ ಓದಿದ್ದ ಐತಪ್ಪಣ್ಣ ಹಾಳೆಯನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಕೂಡಿಸಿದರು. "ಗಾಬರು... ಇದು ನಮ್ಮ ಗಾಬರಿಯೇ ಅಲ್ವಾ?" ಎಂದರು. ಹೌದು ಎಂದೆ. ತುಸು ಧೈರ್ಯ ಬಂದಂತೆ ಕಂಡಿತು.

ನಾನು ಪರದೆಯ ಈಚೆಗೆ, ಲಲಿತಕ್ಕನಿಗೆ ಕಾಣದಂತೆ ನಿಂತೆ. ಐತಪ್ಪಣ್ಣ ಸ್ಟೂಲಿನ ಮೇಲೆ ಕೂತು ಓದಿದರು. ಉಚ್ಚಾರ ಪೂರಾ ತಪ್ಪು. ಘಕಾರವಿಲ್ಲ, ಎಲ್ಲ ತುಳುವಿನ ರಾಗ. ಬೊಂಬಾಯಿಯ ಯಾವ ಮನೆಯಲ್ಲೂ ಯಾರೂ ಹಾಗೆ ಮರಾಠಿ ಆಡಿರಲಾರರು. ಲಲಿತಕ್ಕನ ಗೊಣಗಾಟ ನಿಂತಿತು. ಐತಪ್ಪಣ್ಣ ಎರಡನೆಯ ಸಲ ಓದಿದರು. ಮೂರನೆಯ ಸಲವೂ ಓದಿದರು.

"ತುಮ್ಹೀ ಕೋಣ?" ಎಂದು ಲಲಿತಕ್ಕ ಕೇಳಿದರು.

ಹಾಳೆಯಲ್ಲಿ ಇಲ್ಲದ ಮಾತು. ಐತಪ್ಪಣ್ಣ ಪರದೆಯತ್ತ ತಿರುಗಿದರು. ಹೇಳಲು ನನಗೆ ಮನಸ್ಸಾಗಲಿಲ್ಲ, ಹೇಳದೆ ವಿಧಿಯಿರಲಿಲ್ಲ. "ನೀವು ಯಾರು ಅಂತ ಕೇಳ್ತಾರ್ರಿ" ಎಂದು ಪಿಸುಗುಟ್ಟಿದೆ.

ಮೂವತ್ತೈದು ವರ್ಷ ಜೊತೆಗೆ ಬಾಳಿದ ಹೆಂಡತಿಯ ಪ್ರಶ್ನೆ ಅದು. ಅವರು ಗಂಡ ಎನ್ನುತ್ತಾರೆ, ಹೆಸರು ಹೇಳುತ್ತಾರೆ ಎಂದುಕೊಂಡೆ. ಐತಪ್ಪಣ್ಣ ಹಾಳೆಯನ್ನು ತೊಡೆಯ ಮೇಲಿಟ್ಟರು.

"ಆ ಮನೆಯವ ಅಲ್ಲ ಅಂತ ಹೇಳುದು ಹೇಗೆ?" ಎಂದರು.

"ಮೀ ತ್ಯಾ ಘರಚಾ ನಾಹೀ."

"ಮೀ ತ್ಯಾ ಗರಚಾ ನಾಯಿ" ಎಂದರು ಐತಪ್ಪಣ್ಣ ಹೆಂಡತಿಗೆ.

ಪರದೆಯ ಸಂದಿನಿಂದ ನನಗೆ ಕಂಡದ್ದು ಇಷ್ಟು. ಲಲಿತಕ್ಕ ಗಂಡನ ಮುಖವನ್ನಲ್ಲ, ಕೈಗಳನ್ನು ನೋಡಿದರು. ಕಲ್ಲು ಕಡಿದು ದಡ್ಡುಗಟ್ಟಿದ ಕೈಗಳು, ಏನನ್ನೂ ಹಿಡಿದಿರಲಿಲ್ಲ. ಐತಪ್ಪಣ್ಣ ಗಂಜಿಯ ಅನ್ನವನ್ನು ಬೆರಳಲ್ಲಿ ನುರಿದು ತುಟಿಯ ಬಳಿ ಒಯ್ದರು. ತುಂಬ ಹೊತ್ತು ಹಾಗೆಯೇ ಹಿಡಿದಿದ್ದರು. ಲಲಿತಕ್ಕ ಬಾಯಿ ತೆರೆದರು.

ಆ ಸಂಜೆ ಕೊಳವೆ ಹಾಕಲಿಲ್ಲ. ಇನ್ನೆರಡು ದಿನ ನಾನು ಲಾಡ್ಜಿನಲ್ಲೇ ಉಳಿದೆ. ಪಡಸಾಲೆಯಲ್ಲಿ ಕೂತು ಕೇಳಿದ ವಾಕ್ಯಗಳನ್ನೆಲ್ಲ ಬರೆದುಕೊಟ್ಟೆ. ವಾರ್ಡಿನೊಳಗೆ ಕಾಲಿಡಲಿಲ್ಲ. ನನ್ನ ಬ್ಯಾಗನ್ನು ಬೀಫಾತಿಮ್ಮ ಊರಿನಿಂದ ಬಸ್ಸಿನಲ್ಲಿ ತಂದುಕೊಟ್ಟರು. "ಎಂತ ಭಾಷೆಯಂತೆ ಅದು?" ಎಂದು ಕೇಳಿದರು. ಮರಾಠಿ ಎಂದೆ. "ಅವತ್ತು ನಾವು ನಗಾಡಿದ್ದು ಅವಳಿಗೆ ಗೊತ್ತಾಗಿರ್ಬಹುದಾ?" ಎಂದು ಮತ್ತೆ ಕೇಳಿದರು. ಗೊತ್ತಾಗಿರಲಿಕ್ಕಿಲ್ಲ ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊರಡುವ ದಿನ ಐತಪ್ಪಣ್ಣ ನಿಲ್ದಾಣದ ತನಕ ಬಂದು ಬ್ಯಾಗನ್ನು ಮೇಲಿಟ್ಟು ಇಳಿದರು. ಬರೆಯುತ್ತೀರಲ್ಲ, ಇದನ್ನೂ ಬರೆಯಿರಿ, ಹೆಸರು ಬೇಡ ಎಂದರು. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಅವರು ಆಗಲೇ ಆಸ್ಪತ್ರೆಯ ಕಡೆಗೆ ರಸ್ತೆ ದಾಟುತ್ತಿದ್ದರು.

ಬೆಳಗಾವಿಗೆ ಬಂದು ತಿಂಗಳು ಕಳೆದ ಮೇಲೆ ಸವಿತಾ ಫೋನು ಮಾಡಿದಳು. ಮನೆಗೆ ಬಂದ ಹತ್ತನೆಯ ದಿನ ತುಳು ಮರಳಿತಂತೆ, ಆಮೇಲೆ ಒಂದೊಂದೇ ಕನ್ನಡ ಶಬ್ದ. ಮರಾಠಿ ಪೂರ್ತಿ ಮಾಯವಾಗಿದೆ. ಆಸ್ಪತ್ರೆಯ ದಿನಗಳು ಅಮ್ಮನಿಗೆ ನೆನಪಿಲ್ಲ. ಅಪ್ಪ ಕೇಳುವುದಿಲ್ಲ, ತಾನೂ ಕೇಳುವುದಿಲ್ಲ ಎಂದಳು. "ಕೊಡ್ತೇನೆ, ಮಾತಾಡಿ" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟಳು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಸುಮಕ್ಕ" ಎಂದರು ಲಲಿತಕ್ಕ, ಒಂದೊಂದೇ ಅಕ್ಷರವನ್ನು ಎತ್ತಿ ಇಡುವ ಹಾಗೆ. "ನೀವು... ಊಟ ಮಾಡಿ ಹೋದ್ರಾ?"

"ಹೊಟ್ಟಿ ತುಂಬ ಮಾಡೇನ್ರಿ" ಎಂದೆ. ಒಂದು ಮರಾಠಿ ಶಬ್ದವೂ ನುಸುಳದ ಹಾಗೆ ನೋಡಿಕೊಂಡೆ.